ಮಡಿಕೆಯೊಳಗಿನ ಸೀಸೆ

ಸಿ.ಟಿ. ಸ್ಕ್ಯಾನಿಗೆ ನಾಲ್ಕೂವರೆ ಸಾವಿರ. ಬೆನ್ನಿಗೆ ತೂತು ಹಾಕಿ ಕೀವು ಇಳಿಸುವ ನಳಿಕೆಗೆ ಹದಿನೆಂಟು ಸಾವಿರ. ದಿನಕ್ಕೆ ಮೂರು ಸಲ ಏರಿಸುವ ಇಂಜೆಕ್ಷನ್, ಸಲಕ್ಕೆ ಒಂಬೈನೂರು. ಐ.ಸಿ.ಯು. ಮಂಚಕ್ಕೆ ದಿನಕ್ಕೆ ಏಳು ಸಾವಿರ, ಊಟ ಬಿಟ್ಟು. ಊಟ ಮಾಡುವ ಸ್ಥಿತಿಯಲ್ಲಿ ಅಕ್ಕ ಇರಲಿಲ್ಲ, ಆ ಮಾತು ಬೇರೆ.

ಇಷ್ಟೆಲ್ಲ ಖರ್ಚು ಯಾಕೆ ಬಂತು? ಇನ್ಸುಲಿನ್ ಸೀಸೆಯೊಂದಕ್ಕೆ ಅರವತ್ತು ರೂಪಾಯಿ ಉಳಿಯಿತಲ್ಲ, ಅದಕ್ಕೆ. ಬೇರೆ ಕಡೆ ನೂರಾ ಅರವತ್ತು. ಸಿರುಗುಪ್ಪದ ಚನ್ನಬಸವರಾಜನ ಔಷಧಿ ಅಂಗಡಿಯಲ್ಲಿ, ಬಡವರ ಮೇಲಿನ ಪ್ರೀತಿಯಿಂದ, ನೂರು.

ಬಿಲ್ಲು ಮಡಚಿ ಜೇಬಿಗಿಟ್ಟೆ. ನನ್ನ ಕಾಲ ಬಳಿ ಒಂದು ಮಣ್ಣಿನ ಮಡಿಕೆ ಇತ್ತು. ಬಳ್ಳಾರಿಯ ಆ ಆಸ್ಪತ್ರೆಯ ಹೊಳೆಯುವ ನೆಲದ ಮೇಲೆ ಅದು ಕರೆಯದೆ ಬಂದ ನೆಂಟನ ಹಾಗೆ ಕೂತಿತ್ತು.

ಹಚ್ಚೊಳ್ಳಿಯಲ್ಲಿ ಭತ್ತದ ಗದ್ದೆ ಕೂಲಿ ಮಾಡುವ ನನ್ನ ಅಕ್ಕ ಈರಮ್ಮ ಮೂರು ದಿನದ ಹಿಂದೆ ಚಳಿ, ವಾಂತಿ, ಬೆನ್ನುನೋವು ಅಂತ ಮಲಗಿದವಳು ಮೇಲೇಳಲಿಲ್ಲ. ಕಥೆ ಇಷ್ಟೇ. ನಾನು ಮಾರೆಣ್ಣ, ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ಅಕ್ಕ ಹಾಕಿಕೊಳ್ಳುತ್ತಿದ್ದ ಔಷಧಿಯನ್ನೆಲ್ಲ ತನ್ನಿ ಅಂತ ಡಾಕ್ಟರಮ್ಮ ಹೇಳಿದ್ದರಿಂದ ಮಡಿಕೆ ಸಮೇತ ಚೀಲಕ್ಕೆ ಹಾಕಿ ತಂದಿದ್ದೆ. ಸಿಕ್ಕ ವಸ್ತುವನ್ನು ಸಿಕ್ಕ ಜಾಗದಿಂದ ಬೇರೆ ಮಾಡಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ.

"ಇನ್ಸುಲಿನ್ನ ಮಡಿಕೆಯಲ್ಲಾ ಇಡೋದು!" ಅಂದ ಒಬ್ಬ ಎಳೆಯ ಡಾಕ್ಟರು, ಬಗ್ಗಿ ನೋಡಿ. ಮಡಿಕೆಯಲ್ಲಿ ಅರ್ಧ ಒದ್ದೆ ಉಸುಕು, ಉಸುಕಿನ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಸೀಸೆ. "ಇನ್ನೇನಾಗುತ್ತೆ? ಈ ಜನಕ್ಕೆ ಹೇಳಿ ಹೇಳಿ ಸಾಕಾಗಿದೆ."

ಔಷಧಿ ಗಾಡಿ ತಳ್ಳಿಕೊಂಡು ಬರುತ್ತಿದ್ದವನೊಬ್ಬ ನಿಂತು ನೋಡಿದ. ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವವನು. ಎದೆಯ ಮೇಲಿನ ಪಟ್ಟಿಯಲ್ಲಿ ವಿರೂಪಾಕ್ಷಿ ಅಂತ ಹೆಸರಿತ್ತು. ಅವನೂ ಹಲ್ಲು ಬಿಟ್ಟ. "ಕೆಂಪು ಬಟ್ಟಿ ಬ್ಯಾರೆ ಉಡಿಸ್ಯಾರ. ಪೂಜಿ ಮಾಡ್ತಿದ್ರೇನು?"

"ನಗಬ್ಯಾಡ್ರಿ," ಅಂತ ಹಿಂದಿನಿಂದ ದನಿ ಬಂತು. ಡಾಕ್ಟರ್ ಸಂಘಮಿತ್ರಾ. ನನ್ನ ಜೊತೆ ಠಾಣೆಯಲ್ಲಿ ದುಡಿದ ಭೀಮರಾಜನ ಮಗಳು, ಕಿಡ್ನಿ ಡಾಕ್ಟರು. "ಫ್ರಿಜ್ ಇಲ್ಲದ ಮನ್ಯಾಗ ಇದಕ್ಕಿಂತ ಚಲೋ ಜಾಗ ಇಲ್ಲ. ಒದ್ದಿ ಉಸುಕಿನ ಮಡಿಕಿ ತಣ್ಣಗ ಇರ್ತದ. ಈರಮ್ಮಗ ತಿಳಿದದ್ದು ನಿಮಗ ತಿಳಿದಿಲ್ಲ."

ಎಳೆಯ ಡಾಕ್ಟರು ಮೊಬೈಲ್ ನೋಡತೊಡಗಿದ. ವಿರೂಪಾಕ್ಷಿ ಗಾಡಿ ತಳ್ಳಿಕೊಂಡು ಹೋದ.

"ಬರ್ರಿ ಮಾಮ, ಇದನ್ನ ನೋಡ್ರಿ."

ಕಂಪ್ಯೂಟರಿನಲ್ಲಿ ಅಕ್ಕನ ಹೊಟ್ಟೆಯ ಚಿತ್ರ. ಬಲಗಡೆ ಕಿಡ್ನಿ ಬೂದು ಬಣ್ಣಕ್ಕೆ ಗಟ್ಟಿಯಾಗಿತ್ತು. ಎಡದ್ದರ ತುಂಬ ಕರಿ ಕರಿ ತೂತು.

"ಸೆಟ್ ದೋಸಿ ಹಂಗ ಐತಲ್ಲವ್ವ."

"ಹಂಗಾ ಐತಿ. ಹಿಟ್ಟು ಹುದುಗಿದ್ರ ಗುಳ್ಳಿ ಏಳ್ತಾವಲ್ಲ? ಇಲ್ಲೂ ಅದಾ ಆಗ್ಯಾದ. ಮೈಯಾಗ ಸಕ್ಕರಿ ತುಂಬಿ ತುಳುಕ್ತಿತ್ತು. ಕಿಡ್ನಿಯೊಳಗ ಹೊಕ್ಕ ಹುಳ ಆ ಸಕ್ಕರಿ ತಿಂದು ಗಾಳಿ ಬಿಟ್ಟಾವು. ಸಿರುಗುಪ್ಪದಾಗ ಸ್ಕ್ಯಾನಿಂಗ್ ಮಾಡಿದವ್ರು ಇದನ್ನ ಕರುಳಿನ ಗಾಳಿ ಅಂತ ಬರದು ಕಳಿಸ್ಯಾರ. ಎರಡು ದಿನ ಬರೇ ನೋವಿನ ಸೂಜಿ. ಸಿ.ಟಿ. ಮಾಡದಿದ್ರ ನಮಗೂ ಗೊತ್ತಾಗ್ತಿದ್ದಿಲ್ಲ."

"ಉಳೀತಾಳೇನು?"

ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. "ನಳಿಕಿ ಹಾಕೀವಿ. ಕೀವು, ಗಾಳಿ ಎರಡೂ ಬರಾಕ ಹತ್ಯಾವು. ಆದ್ರ ಸಕ್ಕರಿ ಇಳಿವಲ್ದು. ಇನ್ಸುಲಿನ್ ಡ್ರಿಪ್ ಮೂರು ಸಲ ಹೆಚ್ಚು ಮಾಡೀವಿ, ಆದ್ರೂ ನಾಕನೂರ ಎಂಬತ್ತರ ಮ್ಯಾಲಾ ಐತಿ. ಸೋಂಕು ಜೋರಿದ್ರ ಹಂಗಾಗೂದು ಉಂಟು. ಬಿಪಿ ಜಾರಾಕ ಹತ್ತೈತಿ. ಸಂಜಿ ಐದರ ತನ ನೋಡ್ತೀವಿ. ಇಳೀಲಿಲ್ಲ ಅಂದ್ರ ಎಡಗಿಡ್ನಿ ತಗೀಬೇಕು. ಈಗಿರೋ ಸ್ಥಿತ್ಯಾಗ ಆಪರೇಷನ್ ತಡ್ಕೊಂತಾಳ ಅಂತ ನಾ ಮಾತು ಕೊಡಂಗಿಲ್ಲ."

ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು.

"ಇನ್ನೊಂದು, ಮಾಮ. ಈ ಜಡ್ಡು ನಾನು ವರ್ಷಕ್ಕ ಎರಡು ಮೂರು ನೋಡಿದ್ರ ಹೆಚ್ಚು. ಈ ತಿಂಗಳು ಇದು ನಾಕನೇದು. ನಾಕೂ ಸಿರುಗುಪ್ಪ, ಕುರುಗೋಡು ಕಡೆಯವು. ಇದು ಅಂಟು ಜಡ್ಡಲ್ಲ. ನಾಕು ಮಂದೀನೂ ಒಂದು ದಿನಾನೂ ಸೂಜಿ ತಪ್ಪಿಸಿಲ್ಲ ಅಂತಾರ."

ನಾನು ಸೀಸೆ ತೆಗೆದು ಕೊಟ್ಟೆ. ಅಕ್ಕ ಹಾಕಿಕೊಳ್ಳುವ ಇನ್ಸುಲಿನ್ ಹಾಲಿನ ಬಣ್ಣದ್ದು ಅಂತ ನನಗೆ ಗೊತ್ತಿತ್ತು. ಆದರೆ ಇದು ಒಡೆದ ಹಾಲು. ಸಣ್ಣ ಸಣ್ಣ ಗಡ್ಡೆ.

ಸಂಘಮಿತ್ರಾ ಕಿಟಕಿಯ ಬೆಳಕಿಗೆ ಹಿಡಿದು ನಿಧಾನಕ್ಕೆ ಹೊರಳಿಸಿದಳು. ಗಡ್ಡೆ ಕರಗಲಿಲ್ಲ. ಗಾಜಿನ ಒಳಮೈಗೆ ಬೆಳ್ಳಗೆ ಹತ್ತಿಕೊಂಡಿತ್ತು.

"ಬಿಸಿಲಿಗೆ ಕೆಟ್ಟಂಗ ಕಾಣವಲ್ದು. ಫ್ರೀಜರ್ ಗ್ವಾಡಿಗೆ ಹಿಮ ಹತ್ತಿರ್ತದಲ್ಲ, ಹಂಗ ಐತಿ. ಇದು ಒಮ್ಮೆ ಐಸ್ ಆಗಿ ಕರಗ್ಯಾದ."

"ತಂಪಿದ್ದಷ್ಟೂ ಚಲೋ ಅಲ್ಲೇನವ್ವ?"

"ತಂಪು ಚಲೋ. ಐಸ್ ಆಗಬಾರದು. ಒಮ್ಮೆ ಐಸ್ ಆತಂದ್ರ ಅದರ ಶಕ್ತಿ ಹೋತು. ಹೊಟ್ಟಿಗೆ ಚುಚ್ಚೂದೊಂದು ಉಳೀತದ."

ಮಡಿಕೆಯಲ್ಲಿ ಯಾವ ಔಷಧಿಯೂ ಐಸ್ ಆಗುವುದಿಲ್ಲ. ಮೇ ತಿಂಗಳ ಬಳ್ಳಾರಿಯಲ್ಲಂತೂ ಇಲ್ಲ. ನಾನು ಸೀಸೆ ಜೇಬಿಗೆ ಹಾಕಿ ಬೈಕಿನ ಕೀಲಿ ತೆಗೆದೆ.

*

ಸಂಘಮಿತ್ರಾ ಹೇಳಿದ ಆ ನಾಲ್ವರಲ್ಲಿ ತೀರಿಕೊಂಡವಳು ಒಬ್ಬಳು: ಕುರುಗೋಡಿನ ವಿರೂಪಮ್ಮ. ಹತ್ತೊಂಬತ್ತು ದಿನವಾಗಿತ್ತು. ಗಂಡ ಹುಲುಗಪ್ಪ ಬಾಗಿಲಲ್ಲೇ ಕೂತಿದ್ದ. ಬಂಡೆಗುಡ್ಡದ ಕಾವು ಆ ಓಣಿಯೊಳಗೆ ಇಳಿದು ನಿಂತಿತ್ತು. ನಾನು ಬಂದ ಕಾರಣ ಹೇಳಿದೆ. ಅವನು ಒಳಗೆ ಹೋಗಿ ಮಡಿಸಿಟ್ಟ ಅವಳ ಸೀರೆಯೊಳಗಿನಿಂದ ಒಂದು ಸೀಸೆ ತಂದು ಕೊಟ್ಟ.

ಅದೇ ಒಡೆದ ಹಾಲು.

"ಎಲ್ಲಿ ತಗೊಂಡಿದ್ರಿ?"

"ಐಸ್ ಫ್ಯಾಕ್ಟರಿ ಗೇಟಿನ್ಯಾಗ ರೀ. ಸಿರುಗುಪ್ಪದ ಸಾಹುಕಾರ ಶಿಬಿರ ಮಾಡಿದ್ನಲ್ಲ. ನೂರು ರೂಪಾಯಿಗೊಂದು."

"ಕೊಡುವಾಗ ಹ್ಯಾಂಗಿತ್ತು?"

"ಕಲ್ಲು! ಕೈ ಜುಮ್ ಅಂತು. ನಾವಾ ಬಿಸಿಲಿಗಿಟ್ಟು ಕರಗಿಸಿದ್ವಿ." ಹುಲುಗಪ್ಪನ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ಅಕಿ ಭಾಳ ಹೊಗಳಿದ್ಲು ರೀ. ಬ್ಯಾರೆ ಅಂಗಡ್ಯಾಗ ಬರೇ ತಣ್ಣಗ ಇಟ್ಟಿರ್ತಾರ, ಈ ಪುಣ್ಯಾತ್ಮ ಐಸ್ ಮಾಡಿ ಕೊಡ್ತಾನ ಅಂತ."

ನಾನು ತಲೆ ತಗ್ಗಿಸಿದೆ. ನಮ್ಮ ಸೀಮೆಯವರಿಗೆ ಐಸ್ ಅಂದರೆ ದೇವರು. ಸೋಡಾ ಐಸಿನಲ್ಲಿದ್ದರೆ ಒಳ್ಳೆಯದು, ಮೀನು ಐಸಿನಲ್ಲಿದ್ದರೆ ಒಳ್ಳೆಯದು, ಹೆಣವೂ ಐಸಿನಲ್ಲಿದ್ದರೆ ಒಳ್ಳೆಯದು. ಔಷಧಿ ಮಾತ್ರ ಯಾಕೆ ಬೇರೆಯಾಗಬೇಕು? ನಲವತ್ಮೂರು ಡಿಗ್ರಿಯಲ್ಲಿ ಬೇಯುವವರು ಮಾತ್ರ ಮಾಡಬಲ್ಲ ತಪ್ಪು ಅದು. ಆ ತಪ್ಪಿಗೆ ನಾನು ಯಾರನ್ನೂ ಬೈಯಲಾರೆ.

ಬೈಯಬೇಕಾದವನು ಬೇರೆ ಇದ್ದ.

"ಈ ಸೀಸಿ ನನ್ನ ಹತ್ರ ಇರಲಿ?"

"ಮತ್ತ ತಂದು ಕೊಡ್ರಿ ರೀ," ಅಂದ ಹುಲುಗಪ್ಪ. "ಅಕಿ ಕೈ ಮುಟ್ಟಿದ್ದು."

ತರುತ್ತೇನೆ ಅಂತ ಮಾತು ಕೊಟ್ಟೆ.

ಐಸ್ ಫ್ಯಾಕ್ಟರಿಯಲ್ಲಿ ಸುಂಕಪ್ಪ ಅನ್ನುವವನು ಗೋಣಿಚೀಲ ಹೊದ್ದು ಐಸ್ ಒಡೆಯುತ್ತಿದ್ದ. ಪೊಲೀಸ್ ಮೀಸೆ ನಿವೃತ್ತಿಯಾಗುವುದಿಲ್ಲ. ಕೇಳುವ ಮೊದಲೇ ಎದ್ದು ನಿಂತ.

"ಔಷಧಿ ಬಾಕ್ಸಾ? ಬಂದಿದ್ವು ರೀ. ಹತ್ತು. ಹಾಲಿನಂಥವು, ನೀರಿನಂಥವು ಎರಡೂ ನಮೂನಿ. ಚನ್ನಬಸವರಾಜ ಸಾಹುಕಾರ್ರವು. ಅಂಗಡ್ಯಾಗ ಇಟ್ರ ಕರೆಂಟ್ ಬಿಲ್ ಜಾಸ್ತಿ ಬರ್ತದಂತ ನಮ್ಮ ಐಸ್ ರೂಮಿನ್ಯಾಗ ಇಡಿಸಿದ್ರು. ಹದಿನೈದು ದಿನ ಇದ್ವು."

"ಆಮ್ಯಾಲೆ?"

"ಒಂದು ಬಾಕ್ಸ್ ಶಿಬಿರದಾಗ ಖಾಲಿ ಆತು. ಆವತ್ತಾ ಯಾರೋ ಕಂಪನಿಯವ್ರು ಫೋನಿನ್ಯಾಗ ಏನೋ ಅಂದ್ರಂತ. ಸಾಹುಕಾರ್ರು ಓಡಿ ಬಂದು ನೋಡಿದ್ರು. ಎಲ್ಲಾ ಕಲ್ಲು. ನಮಗ ಅಪ್ಪ ಅವ್ವ ಸೇರಿಸಿ ಬೈದ್ರು. ಆಮ್ಯಾಲೆ ಸುಮ್ಮನ ಕುಂತು, ಎಲ್ಲಾ ತಗದು ಬಿಸಿಲಿಗೆ ಹರವ್ರಿ ಅಂದ್ರು. ಹಪ್ಪಳ ಹರವಿದಂಗ ಹರವಿದ್ವಿ ರೀ ಈ ಕಟ್ಟಿ ಮ್ಯಾಲೆ. ಕರಗಿದ್ಮ್ಯಾಲೆ ಒರಸಿ ಮತ್ತ ತುಂಬಿದ್ವಿ."

"ಎಲ್ಲಿಗೆ ಹೋದ್ವು?"

"ಒಂದು ಬಾಕ್ಸ್ ಸಿರುಗುಪ್ಪಕ್ಕ. ಎಂಟು ಬಾಕ್ಸ್ ಬಳ್ಳಾರಿಯಿಂದ ವ್ಯಾನ್ ಬಂದು ಒಯ್ತು. ಯಾರದ್ದಂತ ಗೊತ್ತಿಲ್ಲ ರೀ."

ಒಂದು ಬಾಕ್ಸಿಗೆ ಐವತ್ತು ಸೀಸೆ.

*

ಸಿರುಗುಪ್ಪ ಮುಟ್ಟಿದಾಗ ಮೂರೂ ಕಾಲು. ಅಂಗಡಿಯ ಮುಂದೆ ಎತ್ತರದ ಬ್ಯಾನರು: ಚನ್ನಬಸವರಾಜ ಕೈ ಮುಗಿದು ನಿಂತಿದ್ದಾನೆ, ಕೆಳಗೆ 'ಬಡವರ ಸೇವೆಯಲ್ಲಿ' ಅಂತ. ಕೈ ಮುಗಿದು ನಿಂತವನ ಕೈ ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ, ಮನಸ್ಸು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಗಾಜಿನ ಕೋಣೆ, ಒಳಗೆ ಎ.ಸಿ. ಅಲ್ಲಿ ಅವನು ಬೆವರದೆ ಕೂತಿದ್ದ.

"ಬರ್ರಿ ಹೆಡ್ ಸಾಹೇಬ್ರ! ರಿಟೈರ್ ಆದ್ರೂ ಡ್ಯೂಟಿ ಬಿಟ್ಟಂಗ ಕಾಣವಲ್ದು?"

"ನಾಯಿಗೆ ವಯಸ್ಸಾದ್ರ ಮೂಗು ಹೋಗಂಗಿಲ್ಲ ಸಾಹುಕಾರ."

ಎರಡೂ ಸೀಸೆ ಅವನ ಮೇಜಿನ ಮೇಲೆ ಇಟ್ಟೆ. ಅವನು ಮುಟ್ಟಲಿಲ್ಲ. ಮುಟ್ಟದಿದ್ದದ್ದನ್ನು ನಾನು ಗಮನಿಸಿದೆ.

"ನನ್ನವಾ ಇರಬಹುದು. ದಿನಾ ನೂರು ಮಂದಿ ಬರ್ತಾರ. ನಾ ಕೊಡೂತನ ನನ್ನ ಜವಾಬ್ದಾರಿ. ಮನಿಗೆ ಒಯ್ದು ಎಲ್ಲಿಡ್ತಾರ, ಏನ್ ಮಾಡ್ತಾರ, ನಾ ಕಾಯ್ಲೇನು? ಈಗ ನೋಡ್ರಿ, ನಿಮ್ಮಕ್ಕ ಉಸುಕಿನ ಮಡಿಕ್ಯಾಗ ಕೆಂಪು ಬಟ್ಟಿ ಸುತ್ತಿ ಇಟ್ಟಿದ್ಲಂತ. ಅದು ಔಷಧಿ ರೀ, ಪೂಜಿ ಸಾಮಾನಲ್ಲ."

ನನ್ನ ಕಿವಿ ನೆಟ್ಟಗಾಯಿತು. ಆದರೆ ಕಳ್ಳ ಜಾರಿದಾಗ ಕೂಡಲೇ ಹಿಡಿಯಬಾರದು, ಇನ್ನೆರಡು ಹೆಜ್ಜೆ ಇಡಲು ಬಿಡಬೇಕು.

"ಬಾಯಿ ಒಣಗೈತಿ. ಒಂದೀಟು ನೀರು ಕುಡೀತೀನಿ." ಕೇಳಿ ಕಾಯದೆ ಮೂಲೆಯಲ್ಲಿದ್ದ ಸಣ್ಣ ಫ್ರಿಜ್ ತೆಗೆದೆ.

ಮೊಸರನ್ನದ ಡಬ್ಬಿ. ನೀರಿನ ಬಾಟಲಿ. ಬಾಗಿಲಿನ ಕಪಾಟಿನಲ್ಲಿ ಒಂದೇ ಒಂದು ಇನ್ಸುಲಿನ್ ಸೀಸೆ, ಅದಕ್ಕೆ ರಬ್ಬರ್ ಹಾಕಿ ಕಟ್ಟಿದ ಬಿಲ್ಲು. ಸೀಸೆ ಹೊರಳಿಸಿದೆ. ಎಳಗರುವಿನ ತಾಯಿಯ ಹಾಲಿನ ಹಾಗೆ ನುಣ್ಣಗೆ ಬೆರೆಯಿತು. ಒಂದು ಗಡ್ಡೆ ಇಲ್ಲ. ಬಿಲ್ಲು ಬಳ್ಳಾರಿಯ ಬೇರೊಂದು ಅಂಗಡಿಯದು. ನೂರಾ ಅರವತ್ತು ರೂಪಾಯಿ.

"ಯಾರದಿದು?"

"ನಮ್ಮವ್ವಂದು. ಇಡ್ರಿ ಅದನ್ನ."

"ನಿಮ್ಮವ್ವಗೂ ಸಕ್ಕರಿ ಜಡ್ಡಾ? ಪಾಪ. ಅಲ್ಲ, ಊರಿಗೆಲ್ಲ ನೂರಕ್ಕ ಕೊಡೋ ಮಗ ಹಡದವ್ವಗ ದೂರದ ಬಳ್ಳಾರಿಯಿಂದ ಪೂರಾ ರೊಕ್ಕ ಕೊಟ್ಟು ಯಾಕ ತರಿಸಿದ?"

ಅವನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

"ಯಾಕ ಅಂದ್ರ ಕಟ್ಟಿ ಮ್ಯಾಲೆ ಹಪ್ಪಳದಂಗ ಹರವಿಸಿದ ಔಷಧಿ ಅವ್ವಗ ಚುಚ್ಚಾಕ ಮನಸ್ಸು ಬರಲಿಲ್ಲ. ಶಿಬಿರದಾಗ ವಿರೂಪಮ್ಮಗ ಕೊಟ್ಟದ್ದು ವಾಪಸ್ ಇಸ್ಕೊಳ್ಳಾಕ ಮನಸ್ಸು ಬರಲಿಲ್ಲ. ನಮ್ಮಕ್ಕಗ ಚುಚ್ಚಾಕ ಬಂತು. ಅಂದ್ರ ನಿನಗ ಗೊತ್ತಿತ್ತು."

"ಏಕವಚನ ಬ್ಯಾಡ್ರಿ."

"ಲೇ, ನಿನಗ ಬಹುವಚನ ಹಚ್ಚಿದ್ರ ನನ್ನ ಬಾಯಿ ಹೊಲಸಾಗ್ತದ."

ಅವನ ಮುಖ ಕೆಂಪಾಯಿತು, ಆದರೆ ದನಿ ಮೆತ್ತಗೆ ಬಂತು. ಇಂಥವರ ದನಿ ಯಾವಾಗಲೂ ಮೆತ್ತಗೆ. "ನಾಕನೂರ ಐವತ್ತು ಸೀಸಿ ಮಾರೆಣ್ಣ. ಕಂಪನಿ ವಾಪಸ್ ತಗೊಳ್ಳಲಿಲ್ಲ. ಗಟಾರಕ್ಕ ಚೆಲ್ಲಬೇಕಿತ್ತೇನು? ವ್ಯಾಪಾರ ಮಾಡೋನ ಕಷ್ಟ ಪಗಾರ ತಗೊಂಡವ್ರಿಗೆ ತಿಳ್ಯಂಗಿಲ್ಲ. ಔಷಧಿ ಪೂರಾ ಸತ್ತಿರಂಗಿಲ್ಲ, ಒಂದೀಟು ಕೆಲಸ ಮಾಡ್ತದ ಅಂದ್ಕೊಂಡೆ. ಅದಕ್ಕಾ ಅಂಗಡ್ಯಾಗೂ ಶಿಬಿರದ ದರಕ್ಕಾ ಕೊಟ್ಟೆ. ಅದರಾಗ ಮೋಸ ಏನೈತಿ?"

ಇವನನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಜೇಬುಗಳ್ಳನಿಗೆ ಒಂದು ಕಸುಬಿದೆ, ಭಯವಿದೆ, ಓಡುವ ಕಾಲಿದೆ. ಕೊಲೆ ಮಾಡಿ ಬಂದು ಠಾಣೆಯ ಕಟ್ಟೆಯ ಮೇಲೆ ಅತ್ತವರನ್ನು ಕಂಡಿದ್ದೇನೆ. ಇವನು ಎ.ಸಿ.ಯಲ್ಲಿ ಕೂತು, ಸತ್ತ ಔಷಧಿಗೆ ಅರವತ್ತು ರೂಪಾಯಿ ರಿಯಾಯಿತಿ ಕೊಟ್ಟು, ಅದರ ಮೇಲೆ ಪುಣ್ಯವನ್ನೂ ಬರೆಸಿಕೊಂಡವನು. ಹೇಲಿನ ಮೇಲೆ ಬೆಳ್ಳಿ ರೇಕು ಹಚ್ಚಿ ಪೇಡೆ ಅಂತ ಮಾರುವವನಿಗೂ ಇವನಿಗಿಂತ ನಾಚಿಕೆ ಇರುತ್ತದೆ.

"ಆತು," ಅಂದೆ. "ಈಗ ಒಂದು ಹೇಳು. ಕೆಂಪು ಬಟ್ಟಿ ವಿಷಯ ನಿನಗ ಯಾರು ಹೇಳಿದ್ರು?"

"ಯಾರೋ... ಹಚ್ಚೊಳ್ಳಿಯವ್ರು ಅಂದ್ರು."

"ಹಚ್ಚೊಳ್ಳ್ಯಾಗ ಆ ಮಡಿಕಿ ಅಕ್ಕನ ಒಳಮನ್ಯಾಗ ಇತ್ತು. ಹೊರಗ ಬಂದದ್ದು ಇವತ್ತು ಮುಂಜಾನಿ, ನನ್ನ ಕೈಯಾಗ, ಚೀಲದಾಗ. ಚೀಲ ಬಿಚ್ಚಿದ್ದು ಆಸ್ಪತ್ರ್ಯಾಗ. ನೋಡಿದವ್ರು ಮೂರು ಮಂದಿ. ಡಾಕ್ಟರಮ್ಮ ನಿನಗ ಫೋನ್ ಮಾಡಂಗಿಲ್ಲ. ಆ ಸಣ್ಣ ಡಾಕ್ಟರಿಗೆ ನೀನು ಯಾರಂತ ಗೊತ್ತಿಲ್ಲ. ಮೂರನೆಯವ ಪೂಜಿ ಅಂತ ನಗಾಡಿದ. ನೀನೂ ಈಗ ಪೂಜಿ ಸಾಮಾನು ಅಂದಿ."

ಚನ್ನಬಸವರಾಜ ಕುರ್ಚಿಯಲ್ಲಿ ಅಲುಗಾಡಿದ. ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಯಾವುದೋ ಮದುವೆಯ ಫೋಟೋ. ವಧುವಿನ ಪಕ್ಕ ಇವನು. ವರನ ಜಾಗದಲ್ಲಿ ನಿಂತವನಿಗೆ ಈಗ ಸ್ವಲ್ಪ ಹೊಟ್ಟೆ ಬಂದಿದೆ, ಆದರೆ ಹಲ್ಲು ಅವೇ.

ವಿರೂಪಾಕ್ಷಿ. ಸ್ಟೋರ್ ನೋಡಿಕೊಳ್ಳುವವನು. ಇವನ ಅಳಿಯ.

ಆಗ ಲೆಕ್ಕ ತಾಳೆಯಾಯಿತು. ಎಂಟು ಬಾಕ್ಸ್, ಬಳ್ಳಾರಿ ವ್ಯಾನು. ಡ್ರಿಪ್ ಮೂರು ಸಲ ಹೆಚ್ಚು ಮಾಡಿದರೂ ಸಕ್ಕರೆ ಇಳಿಯುತ್ತಿಲ್ಲ. ಅಕ್ಕನಿಗೆ ಹಚ್ಚೊಳ್ಳಿಯಲ್ಲಿ ಕೊಟ್ಟದ್ದನ್ನೇ ಐ.ಸಿ.ಯು.ನಲ್ಲೂ ಕೊಡುತ್ತಿದ್ದಾರೆ.

ಗಡಿಯಾರ ನೋಡಿದೆ. ನಾಲ್ಕೂ ಐದು.

ಫೋನ್ ತೆಗೆದೆ. ಆ ಗಾಜಿನ ಗೂಡಿನೊಳಗೆ ಸಿಗ್ನಲ್ ಇಲ್ಲ. ರಸ್ತೆಗೆ ಓಡಿದೆ. ಭತ್ತದ ಲಾರಿ, ಬಸ್ಸಿನ ಹಾರನ್ನು; ಒಂದು ಕಿವಿ ಮುಚ್ಚಿಕೊಂಡು ಕೂಗಿದೆ. "ಅವ್ವಾ, ಸಂಘಮಿತ್ರಾ! ಡ್ರಿಪ್ ನಿಲ್ಲಸು!"

"ಏನು ಮಾಮ? ಆಪರೇಷನ್ನಿಗೆ ರೆಡಿ ಮಾಡಾಕ ಹತ್ತೀವಿ. ನಾಕನೂರ ತೊಂಬತ್ತು ಐತಿ."

"ಆ ಇನ್ಸುಲಿನ್ನೂ ಐಸ್ ಆಗಿ ಬಂದದ್ದು. ನಿಮ್ಮ ಸ್ಟೋರಿನಿಂದ ಒಂದು ಹನಿ ತಗೋಬ್ಯಾಡ. ಹೊರಗಿನ ಅಂಗಡಿಯಿಂದ ತರಿಸು, ನೀನಾ ನೋಡಿ ಹಾಕು!"

"ಡ್ರಿಪ್ಪಿಗೆ ಹಾಕೂದು ನೀರಿನಂಗ ತಿಳಿ ಇರ್ತದ ಮಾಮ," ಅಂದಳು ಮೆಲ್ಲಗೆ. "ಕೆಟ್ಟದ್ದು ಕಣ್ಣಿಗೆ ಕಾಣಂಗಿಲ್ಲ." ಮತ್ತೆ ಯಾರನ್ನೋ ಜೋರಾಗಿ ಕರೆದದ್ದು ಕೇಳಿಸಿತು. ಫೋನ್ ಕಟ್ಟಾಯಿತು.

ತಿರುಗಿ ನೋಡಿದೆ. ಅಂಗಡಿಯ ಶಟರ್ ಇಳಿದಿತ್ತು. ಒಳಗಿನಿಂದ ಬೀಗ.

ಎರಡೂ ಸೀಸೆ ಮೇಜಿನ ಮೇಲೆ ಬಿಟ್ಟು ಬಂದಿದ್ದೆ. ಮೂವತ್ತನಾಲ್ಕು ವರ್ಷದ ನೌಕರಿ! ಹೊಸ ಕಾನ್‌ಸ್ಟೇಬಲ್ ಹೀಗೆ ಮಾಡಿದ್ದರೆ ನಾನೇ ಅವನ ಟೋಪಿ ಕಿತ್ತು ಬಿಸಿಲಿಗೆ ನಿಲ್ಲಿಸುತ್ತಿದ್ದೆ. ಶಟರಿಗೆ ಒದ್ದೆ, ಠಾಣೆಗೆ ಹೇಳಿ ಕಳಿಸಿದೆ. ಪೊಲೀಸರು ಬಂದು ತೆಗೆಸುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದಿತ್ತು. ಮೋರಿಯ ಹತ್ತಿರ ಒಡೆದ ಗಾಜು, ಅದರ ಮೇಲೆ ಹೊಸದಾಗಿ ಸುರಿದ ಫಿನಾಯಿಲು. ಫ್ರಿಜ್ಜಿನ ಬಾಗಿಲಲ್ಲಿ ಅವ್ವನ ಸೀಸೆ ಇರಲಿಲ್ಲ. ಅದನ್ನು ಮಾತ್ರ ಜೋಪಾನವಾಗಿ ಒಯ್ದಿದ್ದ.

ಐದೂ ಕಾಲಿಗೆ ಸಂಘಮಿತ್ರಾಳ ಫೋನ್ ಬಂತು. "ಹೊಸಾ ಇನ್ಸುಲಿನ್ ಹಾಕಿ ಮುಕ್ಕಾಲು ತಾಸಾತು. ನಾಕನೂರ ಇಪ್ಪತ್ತಕ್ಕ ಬಂದೈತಿ ಮಾಮ. ಬಿಪಿ ಜಾರೂದು ನಿಂತೈತಿ. ಇವತ್ತು ಕತ್ತರಿ ಹಾಕಂಗಿಲ್ಲ."

ನಾನು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಆದ್ರ ಸ್ಟೋರ್ ಖಾಲಿ," ಅಂದಳು. "ಒಂದು ಖಾಲಿ ಬಾಕ್ಸ್ ಬಿಟ್ರ ಏನೂ ಇಲ್ಲ. ವಿರೂಪಾಕ್ಷಿ ನಾಕೂ ಹತ್ತಕ್ಕ ಚಾ ಕುಡಿಯಾಕ ಅಂತ ಹೋದವ ಬಂದಿಲ್ಲ. ಅವನ ಮೇಜಿನ ಮ್ಯಾಲೆ ಒಂದು ಚೀಟಿ ಸಿಕ್ಕೈತಿ. ಏಳು ಆಸ್ಪತ್ರಿ ಹೆಸರು ಬರದು, ಒಂದೊಂದರ ಮುಂದ ಒಂದೊಂದು ಗೀಟು ಎಳದಾನ. ಅರ್ಧ ಹರದು ಹೋಗೈತಿ ಮಾಮ. ಮೂರು ಹೆಸರು ಅಷ್ಟಾ ಓದಾಕ ಬರ್ತಾವು."

ಮರುದಿನ ಬೆಳಿಗ್ಗೆ ಏಳಕ್ಕೆ ಅಕ್ಕ ಕಣ್ಣು ಬಿಟ್ಟಳು. ಸಕ್ಕರೆ ನೂರಾ ತೊಂಬತ್ತು. ನನ್ನ ಮುಖ ನೋಡಿ ಮೊದಲು ಕೇಳಿದ್ದು, "ನನ್ನ ಮಡಿಕಿ ಎಲ್ಲೈತೋ ಮಾರ್ಯಾ?"

ಅಕ್ಕ ಉಳಿದಳು. ಅವಳ ಎಡಗಿಡ್ನಿ ಉಳಿಯಿತು. ಸಾಕ್ಷಿಯ ಎರಡು ಸೀಸೆ ಹೋದವು. ಅದರಲ್ಲಿ ಒಂದು, ಹುಲುಗಪ್ಪನಿಗೆ ವಾಪಸ್ ಕೊಡುತ್ತೇನೆ ಅಂದದ್ದು. ಏಳು ಬಾಕ್ಸ್, ಮುನ್ನೂರೈವತ್ತು ಸೀಸೆ, ಹೆಸರು ಓದಲು ಬಂದ ಮೂರು, ಬಾರದ ನಾಲ್ಕು ಆಸ್ಪತ್ರೆಗಳಲ್ಲಿ ಯಾರ ಯಾರ ಮೈಗೋ ಇಳಿಯುತ್ತಿದ್ದವು.